ಒಳಗಿಲ್ಲದ್ದು ಹೊರಗೆ ಬರುವುದು ಹೇಗೆ?

ಪ್ರಶ್ನೆ: ನಮ್ಮೂರಿಗೆ ಹತ್ತಿರದ ಪೊಟ್ಟಿಪುರದ ಬೆಟ್ಟದೊಳಗೆ ನ್ಯೂಟ್ರಿನೊ ಪ್ರಯೋಗಾಲಯ ಬರುತ್ತದೆ ಎಂಬ ಮಾತು ಕೇಳಿದಾಗಿನಿಂದ ಈ ವಿಷಯ ಸಿಕ್ಕಲ್ಲೆಲ್ಲ ಓದುತ್ತಿದ್ದೇನೆ. ಮ್ಯೂಯಾನ್ ಎಂಬ ಕಣ ಕ್ಷಯಿಸಿ ಒಂದು ಎಲೆಕ್ಟ್ರಾನು, ಎರಡು ನ್ಯೂಟ್ರಿನೊಗಳು ಆಗುತ್ತವಂತೆ. ಆದರೆ ಮ್ಯೂಯಾನ್ ಮೂಲಕಣ, ಅದರೊಳಗೆ ಬೇರೆ ಭಾಗಗಳಿಲ್ಲ ಎಂದೂ ಬರೆದಿರುತ್ತಾರೆ. ತೆಂಗಿನಕಾಯಿ ಒಡೆದರೆ ನೀರು, ತಿರುಳು, ಚಿಪ್ಪು ಸಿಗುತ್ತವೆ, ಏಕೆಂದರೆ ಅವು ಮೊದಲೇ ಅಲ್ಲಿದ್ದವು. ಭಾಗವೇ ಇಲ್ಲದ್ದು ಒಡೆಯುವುದು ಹೇಗೆ? ಯಾವಾಗ ಒಡೆಯಬೇಕೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇದರಿಂದ ಊರಿನವರಿಗೆ ಅಪಾಯವೇನಾದರೂ ಉಂಟೆ?
— ಒಬ್ಬ ಓದುಗರು, ಮಾರ್ಕಯನ್‌ಕೋಟ್ಟೈ, ತೇನಿ ಜಿಲ್ಲೆ

ಉತ್ತರ: ಒಂದು ಕಡೆ ಮೂಲಕಣ ಎನ್ನುತ್ತಾರೆ, ಇನ್ನೊಂದು ಕಡೆ ಅದು ಮೂರು ಕಣಗಳಾಯಿತು ಎನ್ನುತ್ತಾರೆ. ಎರಡನ್ನೂ ಗಮನವಿಟ್ಟು ಓದಿದವರಿಗೆ ಈ ಅನುಮಾನ ಬರಲೇಬೇಕು. ನೀವು ಕೇಳಿರುವುದು ಮೂರು ಸಂಗತಿ. ಹೊಸ ಕಣಗಳು ಎಲ್ಲಿಂದ ಬಂದವು, ಯಾವ ಹೊತ್ತಿಗೆ ಬರುತ್ತವೆ, ಅದರಿಂದ ನಿಮಗೇನಾದರೂ ಆಗುತ್ತದೆಯೇ. ಮೊದಲನೆಯದೇ ಕಷ್ಟದ್ದು, ಅದಕ್ಕೇ ಹೆಚ್ಚು ಹೊತ್ತು ಕೊಡೋಣ.

ಮ್ಯೂಯಾನ್ ಹುಡುಕಿಕೊಂಡು ನೀವು ದೂರ ಹೋಗಬೇಕಿಲ್ಲ. ಬಾಹ್ಯಾಕಾಶದಿಂದ ಸದಾ ಸುರಿಯುತ್ತಿರುವ ವಿಶ್ವಕಿರಣಗಳಲ್ಲಿ ಹೆಚ್ಚಿನವು ಪ್ರೋಟಾನುಗಳು. ನೆಲದಿಂದ ಸುಮಾರು 15 ಕಿಲೋಮೀಟರ್ ಮೇಲೆ ಅವು ಗಾಳಿಯ ನೈಟ್ರೋಜನ್, ಆಕ್ಸಿಜನ್ ನ್ಯೂಕ್ಲಿಯಸ್ಸುಗಳಿಗೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 26 ಪಾಲಿನಷ್ಟು ಕಾಲ, ಅಷ್ಟೇ, ವಿದ್ಯುದಂಶವುಳ್ಳ ಪಯಾನಿನ ಸರಾಸರಿ ಆಯುಸ್ಸು. ಅದು ಕ್ಷಯಿಸಿದಾಗ ಒಂದು ಮ್ಯೂಯಾನು, ಒಂದು ನ್ಯೂಟ್ರಿನೊ ಉಂಟಾಗುತ್ತವೆ. ಆ ಮ್ಯೂಯಾನುಗಳಲ್ಲಿ ಬಹಳಷ್ಟು ನೆಲ ಮುಟ್ಟುತ್ತವೆ. ನಿಮ್ಮ ಮನೆಯಂಗಳದಲ್ಲಿ ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಯಾನ್ ಅದನ್ನು ಹಾದು ಹೋಗುತ್ತದೆ. 1936ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೇಯರ್ ಈ ಕಣವನ್ನು ಕಂಡುಹಿಡಿದದ್ದೂ ಇಂಥ ವಿಶ್ವಕಿರಣಗಳಲ್ಲೇ. ವಿದ್ಯುದಂಶದಲ್ಲಿ ಅದು ಎಲೆಕ್ಟ್ರಾನಿನಂತೆಯೇ. ದ್ರವ್ಯರಾಶಿಯಲ್ಲಿ ಮಾತ್ರ ಸುಮಾರು 207 ಪಟ್ಟು ಹೆಚ್ಚು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮ್ಯೂಯಾನಿನ ಒಳಗೆ ಎಲೆಕ್ಟ್ರಾನ್ ಇಲ್ಲ, ನ್ಯೂಟ್ರಿನೊಗಳೂ ಇಲ್ಲ. ಅದು ಒಡೆಯುವುದೂ ಇಲ್ಲ. ಒಂದು ಕ್ಷಣದಲ್ಲಿ ಮ್ಯೂಯಾನ್ ಇಲ್ಲವಾಗುತ್ತದೆ, ಅದೇ ಕ್ಷಣದಲ್ಲಿ ಆ ಮೂರು ಕಣಗಳು ಹೊಸದಾಗಿ ಹುಟ್ಟುತ್ತವೆ. ಹುಟ್ಟಿಗೆ ಬೇಕಾದ ಬಂಡವಾಳ ಮ್ಯೂಯಾನಿನ ದ್ರವ್ಯರಾಶಿ. ದ್ರವ್ಯರಾಶಿ ಎಂದರೆ ಒಂದು ಬಗೆಯ ಶಕ್ತಿಯೇ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದು ಇಲ್ಲಿ ಅಕ್ಷರಶಃ ನಡೆಯುತ್ತದೆ.

ನಂಬುವುದು ಕಷ್ಟ ಅನಿಸಿದರೆ ಬೆಳಕನ್ನು ನೆನೆಯಿರಿ. ರಸ್ತೆಯ ಸೋಡಿಯಂ ದೀಪದಲ್ಲಿ ಪರಮಾಣುಗಳು ಹಳದಿ ಬೆಳಕಿನ ಕಣಗಳನ್ನು, ಅಂದರೆ ಫೋಟಾನುಗಳನ್ನು ಸೂಸುತ್ತವೆ. ಆ ಫೋಟಾನು ಪರಮಾಣುವಿನೊಳಗೆ ಎಲ್ಲೋ ಅಡಗಿ ಕೂತಿರಲಿಲ್ಲ. ಪರಮಾಣು ಹೆಚ್ಚು ಶಕ್ತಿಯ ಸ್ಥಿತಿಯಿಂದ ಕಡಿಮೆ ಶಕ್ತಿಯ ಸ್ಥಿತಿಗೆ ಇಳಿದಾಗ ಉಳಿದ ಶಕ್ತಿಯಿಂದ ಅದು ಆಗತಾನೆ ಉಂಟಾಯಿತು. ಎಲೆಕ್ಟ್ರಾನು, ನ್ಯೂಟ್ರಿನೊಗಳೂ ಹಾಗೆ ಉಂಟಾಗಬಲ್ಲವು. ಇಂದಿನ ಭೌತವಿಜ್ಞಾನ ಪ್ರತಿಯೊಂದು ಬಗೆಯ ಕಣಕ್ಕೂ ಎಲ್ಲೆಡೆ ಹರಡಿರುವ ಒಂದು ಕ್ಷೇತ್ರವಿದೆ ಎನ್ನುತ್ತದೆ. ಆ ಕ್ಷೇತ್ರಕ್ಕೆ ಒಂದು ನಿಗದಿಯಾದ ಕಂತು ಶಕ್ತಿ ಸೇರಿದರೆ ಅದನ್ನೇ ನಾವು ಕಣ ಎನ್ನುವುದು. ಮ್ಯೂಯಾನಿನ ಕ್ಷೇತ್ರ ತನ್ನ ಕಂತನ್ನು ಬಿಟ್ಟುಕೊಟ್ಟಾಗ ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ಕ್ಷೇತ್ರಗಳು ಅದನ್ನು ಹಂಚಿಕೊಳ್ಳುತ್ತವೆ. ಇದೇ ಕ್ಷಯ.

ಇಲ್ಲಿ ನಿಮಗೆ ಬಂದ ಗೊಂದಲ ದೊಡ್ಡದೊಡ್ಡ ವಿಜ್ಞಾನಿಗಳಿಗೂ ಬಂದಿತ್ತು. ಕೆಲವು ನ್ಯೂಕ್ಲಿಯಸ್ಸುಗಳಿಂದ ಎಲೆಕ್ಟ್ರಾನ್ ಹೊರಬರುವುದನ್ನು ನೋಡಿ, 1920ರ ದಶಕದಲ್ಲಿ ಹೆಚ್ಚಿನವರು ನ್ಯೂಕ್ಲಿಯಸ್ಸಿನ ಒಳಗೆ ಎಲೆಕ್ಟ್ರಾನುಗಳಿವೆ ಎಂದೇ ತಿಳಿದಿದ್ದರು. ಹೊರಗೆ ಬಂದದ್ದು ಒಳಗಿದ್ದಿರಲೇಬೇಕಲ್ಲ! ಇಟಲಿಯ ಎನ್ರಿಕೊ ಫೆರ್ಮಿ 1934ರಲ್ಲಿ ಪ್ರಕಟಿಸಿದ ಸಿದ್ಧಾಂತ, ಆ ಎಲೆಕ್ಟ್ರಾನು ಹೊರಬರುವ ಕ್ಷಣದಲ್ಲೇ ಹುಟ್ಟುತ್ತದೆ ಎಂದು ಗಟ್ಟಿಯಾಗಿ ಹೇಳಿತು. ಅದು ಸರಿ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಮನವರಿಕೆಯಾಗುವ ಸಾಕ್ಷಿ ಕೇಯಾನ್ ಎಂಬ ಇನ್ನೊಂದು ಕಣದಲ್ಲಿದೆ. ವಿದ್ಯುದಂಶವುಳ್ಳ ಕೇಯಾನುಗಳು ನೂರು ಕ್ಷಯಿಸಿದರೆ ಸುಮಾರು 64 ಸಲ ಒಂದು ಮ್ಯೂಯಾನು, ಒಂದು ನ್ಯೂಟ್ರಿನೊ ಬರುತ್ತವೆ. ಸುಮಾರು 21 ಸಲ ಎರಡು ಪಯಾನು ಬರುತ್ತವೆ. ಸುಮಾರು ಏಳು ಸಲ ಮೂರು ಪಯಾನುಗಳೇ ಬರುತ್ತವೆ. ಕೇಯಾನುಗಳೆಲ್ಲ ಒಂದೇ ತರಹದವು, ಒಂದಕ್ಕೂ ಇನ್ನೊಂದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಿಮ್ಮ ತೆಂಗಿನಕಾಯಿ ಒಂದು ಸಲ ನೀರು ತಿರುಳು, ಇನ್ನೊಂದು ಸಲ ಬೇರೇನೋ ಕೊಡುವುದಿಲ್ಲ, ಕೇಯಾನ್ ಕೊಡುತ್ತದೆ. ಬರುವ ಕಣಗಳು ಮೊದಲೇ ಒಳಗಿದ್ದರೆ ಇದು ಸಾಧ್ಯವಿರಲಿಲ್ಲ.

ಹಾಗಾದರೆ ಏನು ಬೇಕಾದರೂ ಹುಟ್ಟಬಹುದೇ ಎಂದು ನೀವು ಕೇಳಬಹುದು. ಇಲ್ಲ, ಲೆಕ್ಕ ಬಹಳ ಬಿಗಿ. ಕಣಗಳ ದ್ರವ್ಯರಾಶಿಯನ್ನು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಮ್ಯೂಯಾನಿನದು 105.7, ಎಲೆಕ್ಟ್ರಾನಿನದು 0.5, ನ್ಯೂಟ್ರಿನೊಗಳದು ಇಲ್ಲವೆನ್ನುವಷ್ಟು ಕಡಿಮೆ. ಉಳಿದ 105.2 ಎಲ್ಲಿ ಹೋಯಿತು? ಮೂರೂ ಕಣಗಳ ಓಟಕ್ಕೆ ಹೋಯಿತು. ವಿದ್ಯುದಂಶದ ಲೆಕ್ಕವೂ ಸರಿಹೋಗಬೇಕು: ಋಣ ಮ್ಯೂಯಾನ್ ಹೋದರೆ ಋಣ ಎಲೆಕ್ಟ್ರಾನ್ ಬರುತ್ತದೆ, ನ್ಯೂಟ್ರಿನೊಗಳಿಗೆ ವಿದ್ಯುದಂಶವಿಲ್ಲ. ಜೊತೆಗೆ ಕುಟುಂಬದ ಲೆಕ್ಕ ಒಂದಿದೆ. ಮ್ಯೂಯಾನ್ ಕುಟುಂಬದ ಒಂದು ಕಣ ಹೋದಾಗ ಅದೇ ಕುಟುಂಬದ ನ್ಯೂಟ್ರಿನೊ ಒಂದು ಬರಬೇಕು. ಎಲೆಕ್ಟ್ರಾನ್ ಕುಟುಂಬಕ್ಕೆ ಒಂದು ಕಣ ಹೊಸದಾಗಿ ಸೇರಿದರೆ ಅದನ್ನು ಸರಿದೂಗಿಸಲು ಆ ಕುಟುಂಬದ ಪ್ರತಿನ್ಯೂಟ್ರಿನೊ ಒಂದು ಬರಬೇಕು. ನೀವು ಓದಿದ ಎರಡು ನ್ಯೂಟ್ರಿನೊಗಳು ಇವೇ. ಈ ಕುಟುಂಬದ ಲೆಕ್ಕ ಎಷ್ಟು ಬಿಗಿ ಎಂದರೆ, ಮ್ಯೂಯಾನು ಬರೀ ಒಂದು ಎಲೆಕ್ಟ್ರಾನು, ಒಂದು ಫೋಟಾನು ಆಗಲು ಶಕ್ತಿಯ ಅಡ್ಡಿ ಏನೂ ಇಲ್ಲ. ಆದರೂ ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯಲ್ಲಿ ಲಕ್ಷ ಲಕ್ಷ ಕೋಟಿ ಮ್ಯೂಯಾನುಗಳನ್ನು ಪರೀಕ್ಷಿಸಿದರೂ ಹಾಗೆ ಆದದ್ದು ಕಂಡುಬಂದಿಲ್ಲ.

ಕಣ್ಣಿಗೆ ಕಾಣದ ನ್ಯೂಟ್ರಿನೊ ನಿಜವಾಗಿಯೂ ಬಂತೆಂದು ಹೇಗೆ ಹೇಳುವುದು? ಒಂದು ವಸ್ತು ಎರಡೇ ತುಂಡಾದರೆ ಎರಡೂ ಪ್ರತಿಸಲವೂ ಅದದೇ ವೇಗದಲ್ಲಿ ಎದುರುಬದುರಾಗಿ ಓಡಬೇಕು. ಮ್ಯೂಯಾನಿನಿಂದ ಹೊರಡುವ ಎಲೆಕ್ಟ್ರಾನುಗಳನ್ನು ಅಳೆದರೆ ಒಂದಕ್ಕೆ ಹತ್ತು, ಇನ್ನೊಂದಕ್ಕೆ ನಲವತ್ತು, ಹೆಚ್ಚೆಂದರೆ ಸುಮಾರು 53 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್, ಹೀಗೆ ಎಲ್ಲ ಅಳತೆಯೂ ಸಿಗುತ್ತದೆ. ಅಂದಮೇಲೆ ಪಾಲುದಾರರು ಇನ್ನೂ ಇಬ್ಬರಾದರೂ ಇರಬೇಕು. ನ್ಯೂಕ್ಲಿಯಸ್ಸಿನಿಂದ ಬರುವ ಎಲೆಕ್ಟ್ರಾನುಗಳಲ್ಲಿ ಇಂಥದೇ ಏರುಪೇರು ಕಂಡು ವೋಲ್ಫ್‌ಗಾಂಗ್ ಪೌಲಿ 1930ರಲ್ಲಿ ಕಾಣದ ಕಣವೊಂದನ್ನು ಊಹಿಸಿದರು. ಕೋವನ್ ಮತ್ತು ರೈನ್ಸ್ ಅದನ್ನು ಹಿಡಿದು ತೋರಿಸಿದ್ದು 1956ರಲ್ಲಿ, ಒಂದು ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ.

ಎರಡನೆಯ ಪ್ರಶ್ನೆಗೆ ಬರೋಣ. ಯಾವಾಗ ಕ್ಷಯಿಸಬೇಕೆಂದು ಮ್ಯೂಯಾನಿಗೆ ಗೊತ್ತಾಗುವುದಿಲ್ಲ. ಅದರೊಳಗೆ ಗಡಿಯಾರವಿಲ್ಲ, ಮುಪ್ಪೂ ಇಲ್ಲ. ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 2.2. ನೂರು ಮ್ಯೂಯಾನುಗಳನ್ನು ನಿಲ್ಲಿಸಿಟ್ಟರೆ ಅಷ್ಟು ಹೊತ್ತಿನಲ್ಲಿ ಸುಮಾರು 63 ಹೋಗಿ 37 ಉಳಿಯುತ್ತವೆ. ಉಳಿದ 37 ಹಳೆಯವಾದವೇನೋ, ಇನ್ನು ಬೇಗ ಹೋಗುತ್ತವೆ ಎಂದುಕೊಳ್ಳಬೇಡಿ. ಆಗತಾನೆ ಹುಟ್ಟಿದ ಮ್ಯೂಯಾನಿಗೂ ಅವಕ್ಕೂ ಯಾವ ಭೇದವೂ ಇಲ್ಲ. ಮತ್ತೆ 2.2 ಮೈಕ್ರೋಸೆಕೆಂಡ್ ಕಳೆದರೆ ಅವುಗಳಲ್ಲೂ ನೂರಕ್ಕೆ 37ರ ಲೆಕ್ಕದಲ್ಲೇ, ಅಂದರೆ ಹದಿನಾಲ್ಕರಷ್ಟು ಉಳಿಯುತ್ತವೆ. ಗುಂಪಿನ ಲೆಕ್ಕ ಖಚಿತ, ಒಂಟಿ ಕಣದ್ದು ಬರೀ ಸಂಭವ.

ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲೂ ಅಳೆಯುತ್ತಾರೆ. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ದಿಮ್ಮಿಯೊಂದನ್ನು ಬೆಳಕು ಸೇರದಂತೆ ಕಪ್ಪು ಹೊದಿಕೆ ಸುತ್ತಿ ಇಟ್ಟಿರುತ್ತಾರೆ. ವೇಗ ಕಡಿಮೆಯಿದ್ದ ಮ್ಯೂಯಾನು ಅದರಲ್ಲೇ ನಿಂತುಬಿಟ್ಟರೆ ಒಂದು ಮಿನುಗು. ಅದು ಕ್ಷಯಿಸಿ ಎಲೆಕ್ಟ್ರಾನ್ ಹೊರಟಾಗ ಎರಡನೆಯ ಮಿನುಗು. ಎರಡರ ನಡುವಿನ ಹೊತ್ತನ್ನು ಯಂತ್ರ ಬರೆದಿಡುತ್ತದೆ. ಕೆಲವು ದಿನ ಬಿಟ್ಟು ಆ ಸಾವಿರಾರು ಅಳತೆಗಳನ್ನು ಕಾಗದದ ಮೇಲೆ ಗುರುತಿಸಿದರೆ ಮೇಲಿಂದ ಕೆಳಕ್ಕೆ ನಯವಾಗಿ ಇಳಿಯುವ ಒಂದು ಗೆರೆ ಮೂಡುತ್ತದೆ. ಅದರ ಇಳಿಜಾರೇ 2.2 ಮೈಕ್ರೋಸೆಕೆಂಡ್ ಎಂಬ ಸಂಖ್ಯೆಯನ್ನು ಕೊಡುತ್ತದೆ.

ಲೆಕ್ಕದಲ್ಲಿ ಚುರುಕಾದವರಿಗೆ ಇಲ್ಲೊಂದು ಸಂದೇಹ ಬಂದೀತು. ಬೆಳಕಿನ ವೇಗದಲ್ಲಿ ಓಡಿದರೂ 2.2 ಮೈಕ್ರೋಸೆಕೆಂಡಿಗೆ ದಾಟುವುದು 660 ಮೀಟರ್ ಮಾತ್ರ. 15 ಕಿಲೋಮೀಟರ್ ಮೇಲಿನಿಂದ ಅದು ನಿಮ್ಮ ಅಂಗೈವರೆಗೆ ಬಂದದ್ದು ಹೇಗೆ? ಬೆಳಕಿನ ವೇಗಕ್ಕೆ ತೀರ ಹತ್ತಿರದಲ್ಲಿ ಓಡುವ ಕಣದ ಕಾಲ ನಮ್ಮ ಗಡಿಯಾರಕ್ಕೆ ನಿಧಾನವಾಗಿ ಕಾಣುತ್ತದೆ. ಸಾಕಷ್ಟು ಶಕ್ತಿಯುಳ್ಳ ಮ್ಯೂಯಾನಿಗೆ ಇದು ಮೂವತ್ತು ನಲವತ್ತು ಪಟ್ಟು ಆಗುತ್ತದೆ. ಅಷ್ಟರಲ್ಲಿ ಅದು ಇಪ್ಪತ್ತು ಕಿಲೋಮೀಟರನ್ನೂ ದಾಟಬಲ್ಲದು. ರೋಸಿ ಮತ್ತು ಹಾಲ್ 1941ರಲ್ಲಿ ಬೆಟ್ಟದ ಮೇಲೂ ಕೆಳಗೂ ಮ್ಯೂಯಾನುಗಳನ್ನು ಎಣಿಸಿ ಇದನ್ನು ದೃಢಪಡಿಸಿದರು.

ಒಂದು ಕಣದ ಆಯುಸ್ಸು ಹೆಚ್ಚು, ಇನ್ನೊಂದರದು ಕಡಿಮೆ ಏಕೆ? ಎರಡು ಕಾರಣ ಮುಖ್ಯ. ಕ್ಷಯ ಮಾಡಿಸುವ ಬಲ ಯಾವುದು ಎಂಬುದು ಒಂದು. ಮ್ಯೂಯಾನಿನದು ದುರ್ಬಲ ಬಲದ ಕೆಲಸ. ಆ ಬಲವನ್ನು ಸಾಗಿಸುವ ಡಬ್ಲ್ಯೂ ಬೋಸಾನ್ ಮ್ಯೂಯಾನಿಗಿಂತ ಸುಮಾರು 760 ಪಟ್ಟು ಭಾರ, 1983ರಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ಸಿಕ್ಕಿತು. ಮಧ್ಯವರ್ತಿ ಇಷ್ಟು ಭಾರವಾದ್ದರಿಂದಲೇ ಕೆಲಸ ತಡ. ಎರಡನೆಯ ಕಾರಣ, ಕ್ಷಯದಲ್ಲಿ ಉಳಿಯುವ ಶಕ್ತಿ ಎಷ್ಟು ಎಂಬುದು. ಇಂಥ ಕ್ಷಯದ ವೇಗ ಶಕ್ತಿಯ ಐದನೆಯ ಘಾತದಷ್ಟು ಏರುತ್ತದೆ. ಟಾವ್ ಎಂಬ ಕಣ ಮ್ಯೂಯಾನಿನ ಅಣ್ಣನಿದ್ದಂತೆ, 16.8 ಪಟ್ಟು ಭಾರ. 16.8ನ್ನು ಐದು ಸಲ ಗುಣಿಸಿ ನೋಡಿ, ಸುಮಾರು 13 ಲಕ್ಷ ಬರುತ್ತದೆ. ಜೊತೆಗೆ ಅದಕ್ಕೆ ಕ್ಷಯಿಸಲು ಬೇರೆ ದಾರಿಗಳೂ ಇರುವುದರಿಂದ ವೇಗ ಇನ್ನೂ ಐದಾರು ಪಟ್ಟು. ಮ್ಯೂಯಾನಿನ ಆಯುಸ್ಸನ್ನು ಇವೆರಡರಿಂದ ಭಾಗಿಸಿದರೆ ಸಿಗುವ ಉತ್ತರವೂ, ಅಳೆದು ಕಂಡುಕೊಂಡ ಟಾವ್ ಆಯುಸ್ಸೂ ಒಂದಕ್ಕೊಂದು ಹೊಂದುತ್ತವೆ. ಇನ್ನೊಂದು ತುದಿಗೆ ನ್ಯೂಟ್ರಾನ್ ಇದೆ. ಅದು ಪ್ರೋಟಾನಾಗುವಾಗ ಉಳಿಯುವ ಶಕ್ತಿ 0.8 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟನ್ನೂ ಮುಟ್ಟುವುದಿಲ್ಲ. ಹಾಗಾಗಿ ಒಂಟಿ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷ ಬಾಳುತ್ತದೆ.

ಇನ್ನು ಕೆಲವು ಕಣಗಳು ಕ್ಷಯಿಸುವುದೇ ಇಲ್ಲ. ಎಲೆಕ್ಟ್ರಾನಿಗಿಂತ ಹಗುರವಾದ, ವಿದ್ಯುದಂಶವುಳ್ಳ ಕಣ ಯಾವುದೂ ಇಲ್ಲ. ಅದು ಯಾವುದಾಗಿ ಬದಲಾಗಬೇಕು? ಪ್ರೋಟಾನಿನ ವಿಷಯದಲ್ಲಿ ಮಾತ್ರ ಅಷ್ಟು ಖಾತ್ರಿಯಿಲ್ಲ, ಮತ್ತು ಆ ಕತೆಯಲ್ಲಿ ನಮ್ಮ ಕೋಲಾರಕ್ಕೆ ದೊಡ್ಡ ಪಾತ್ರವಿದೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು 1951ರಲ್ಲಿ, ಹೋಮಿ ಭಾಭಾ ಅವರ ಸಲಹೆಯಂತೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಚಿನ್ನದ ಗಣಿಗೆ ಬಂದು, ಆಳಕ್ಕೆ ಇಳಿದಂತೆ ಮ್ಯೂಯಾನುಗಳು ಎಷ್ಟು ಕಡಿಮೆಯಾಗುತ್ತವೆಂದು ಅಳೆಯಲು ತೊಡಗಿದರು. ಮುಂದೆ ತೀರ ಆಳದಲ್ಲಿ ಇಟ್ಟ ಉಪಕರಣಕ್ಕೆ ವಾರಗಟ್ಟಲೆ ಕಾದರೂ ಒಂದೂ ಮ್ಯೂಯಾನ್ ಸಿಗದಾದಾಗ, ನ್ಯೂಟ್ರಿನೊಗಳಿಗಾಗಿ ಕಾಯಲು ಇದೇ ತಕ್ಕ ಜಾಗ ಎಂದು ಗೊತ್ತಾಯಿತು. 1965ರಲ್ಲಿ ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ, ಗಾಳಿಯಲ್ಲಿ ಪಯಾನು ಮ್ಯೂಯಾನುಗಳು ಕ್ಷಯಿಸಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ರೈನ್ಸ್ ತಂಡಕ್ಕೆ ಅವು ಸಿಕ್ಕವು. ಅದಕ್ಕೆ ಮುಂಚೆ ಜಗತ್ತಿನಲ್ಲಿ ಯಾರೂ ಇವನ್ನು ಕಂಡಿರಲಿಲ್ಲ.

1980ರಲ್ಲಿ ಅದೇ ಗಣಿಯ ಅದೇ ಆಳದಲ್ಲಿ, ಕಬ್ಬಿಣದ ಚೌಕ ಕೊಳವೆಗಳನ್ನು ಪದರ ಪದರವಾಗಿ ಅಡ್ಡಡ್ಡ ಜೋಡಿಸಿ 140 ಟನ್ನಿನ ಉಪಕರಣ ಕಟ್ಟಿ, ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ಕಾದರು. ಒಂದು ಪ್ರೋಟಾನನ್ನು ನೋಡುತ್ತಾ ಕೂತರೆ ಆಗದು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಸೇರಿ 8ರ ಮುಂದೆ 31 ಸೊನ್ನೆಯಷ್ಟು ಇರುತ್ತವೆ. ಆಯುಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷ ಇದ್ದರೂ ವರ್ಷಕ್ಕೆ ಕೆಲವಾದರೂ ಕ್ಷಯಿಸಬೇಕು. ಕೋಲಾರದ ತಂಡ ಕೆಲವು ಘಟನೆಗಳನ್ನು ಅಂಥ ಕ್ಷಯ ಇರಬಹುದೆಂದು ಪ್ರಕಟಿಸಿತು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಲ್ಲಿ ಅದು ಕಾಣಲಿಲ್ಲ. ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆಯಷ್ಟು ವರ್ಷಕ್ಕಿಂತಲೂ ಹೆಚ್ಚು ಎಂದು, ಬಹು ನಿರೀಕ್ಷೆಯ ಕ್ಷಯದ ದಾರಿಯ ಮಟ್ಟಿಗೆ, ಜಪಾನಿನ ಸೂಪರ್ ಕಾಮಿಯೊಕಾಂಡೆ ಎಂಬ ಉಪಕರಣ ಈಗ ಹೇಳುತ್ತಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಷ್ಟು ಆಳದ ಜಾಗ ಕೈತಪ್ಪಿದ್ದು ನಮ್ಮ ವಿಜ್ಞಾನಕ್ಕೆ ನಿಜವಾದ ನಷ್ಟ.

ಕೋಲಾರದ ಬಳಿಕ ಹುಡುಕಿದ ಜಾಗಗಳಲ್ಲಿ ನಿಮ್ಮ ಪೊಟ್ಟಿಪುರವೂ ಒಂದು. ನೀಲಗಿರಿಯ ಸಿಂಗಾರಕ್ಕೆ 2009ರಲ್ಲಿ ಅನುಮತಿ ಸಿಗದೆ ಹೋದಾಗ ಪೊಟ್ಟಿಪುರದ ಬಳಿಯ ಬೋಡಿ ಬೆಟ್ಟಗಳತ್ತ ನೋಡಿದರು. ಸುಮಾರು ಎರಡು ಕಿಲೋಮೀಟರ್ ಸುರಂಗ, ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪದ ಬಂಡೆಯ ಕೆಳಗೆ 50,000 ಟನ್ ಕಬ್ಬಿಣದ ಉಪಕರಣ, ಇದು ಯೋಜನೆ; ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಒಪ್ಪಿತು. ಕೆಲಸ ಮಾತ್ರ ಮುಂದುವರಿಯಲಿಲ್ಲ, 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ವಿರೋಧ ದಾಖಲಿಸಿತು.

ಅಪಾಯದ ಮಾತು ಹೇಳುವಾಗ ಎರಡು ವಿಷಯವನ್ನು ಬೇರೆಬೇರೆ ಇಡಬೇಕು. ಕಣಗಳಿಂದ ಭಯವಿಲ್ಲ. ಆ ಉಪಕರಣ ಕಣಗಳನ್ನು ಹುಟ್ಟಿಸುವುದಿಲ್ಲ, ಬಂದದ್ದನ್ನು ಗುರುತಿಸುತ್ತದೆ ಅಷ್ಟೆ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಸುಮಾರು 6,500 ಕೋಟಿ ಹಾದು ಹೋಗುತ್ತಿವೆ, ಪ್ರಯೋಗಾಲಯ ಇರಲಿ ಬಿಡಲಿ. ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಮ್ಯೂಯಾನೂ ಸೇರಿ ವಿಶ್ವಕಿರಣಗಳ ಪಾಲು ಅದರಲ್ಲಿ ಸುಮಾರು 0.4, ಉಳಿದದ್ದು ಹೆಚ್ಚಾಗಿ ಮಣ್ಣು, ಕಲ್ಲು, ಗಾಳಿಯಿಂದ. ಬೆಟ್ಟದೊಳಗೆ ಹೋಗುವುದೇ ಮ್ಯೂಯಾನುಗಳ ಕಾಟ ತಪ್ಪಿಸಿಕೊಳ್ಳಲು, ಅಲ್ಲಿ ಅವು ಹತ್ತು ಲಕ್ಷಕ್ಕೆ ಒಂದರಂತೆ ಇಳಿಯುತ್ತವೆ. ಆದರೆ ಸುರಂಗಕ್ಕೆ ಬಂಡೆ ಸಿಡಿಸುವುದು, ಅಗೆದ ಕಲ್ಲಿನ ರಾಶಿ, ಅಂತರ್ಜಲ, ಪಕ್ಕದ ಮತಿಕೆಟ್ಟಾನ್ ಶೋಲಾ ಕಾಡು, ಇವು ಬೇರೆಯೇ ಪ್ರಶ್ನೆಗಳು. ನ್ಯೂಟ್ರಿನೊ ನಿರಪಾಯಕಾರಿ ಎಂದು ಹೇಳಿ ಅವನ್ನು ತಳ್ಳಿಹಾಕುವುದು ಸರಿಯಲ್ಲ. ಕಣಗಳ ಹೆಸರಿನಲ್ಲಿ ಹೆದರಿಸಿ ಅವನ್ನು ಗೆಲ್ಲಿಸುವುದೂ ಸರಿಯಲ್ಲ. ಭೂವಿಜ್ಞಾನಿಗಳ ಮುಂದೆ, ನಿಮ್ಮೂರ ರೈತರ ಎದುರಿನಲ್ಲೇ ಅವನ್ನು ಬಿಡಿಸಿ ಕೇಳಬೇಕು.

ಕೊನೆಗೆ, ಆ ಉಪಕರಣ ಕಬ್ಬಿಣದ್ದೇ ಏಕೆ ಎಂಬ ಕುತೂಹಲ ನಿಮಗೆ ಬಂದಿರಬಹುದು. ಕಬ್ಬಿಣವನ್ನು ಅಯಸ್ಕಾಂತ ಮಾಡಬಹುದು. ಆಗ ಪ್ರತಿನ್ಯೂಟ್ರಿನೊ ಬಡಿದು ಹುಟ್ಟಿದ ಧನ ಮ್ಯೂಯಾನು ಒಂದು ಕಡೆಗೆ, ನ್ಯೂಟ್ರಿನೊ ಬಡಿದು ಹುಟ್ಟಿದ ಋಣ ಮ್ಯೂಯಾನು ಇನ್ನೊಂದು ಕಡೆಗೆ ಬಾಗುತ್ತದೆ, ನ್ಯೂಟ್ರಿನೊ ಬಂತೋ ಪ್ರತಿನ್ಯೂಟ್ರಿನೊ ಬಂತೋ ಎಂದು ತಿಳಿಯುತ್ತದೆ. ಅದೇ ಕಬ್ಬಿಣದಲ್ಲಿ ನಿಂತ ಮೇಲೆ ಎರಡರ ಗತಿಯೂ ಬೇರೆ. ಧನ ಮ್ಯೂಯಾನು ತನ್ನ 2.2 ಮೈಕ್ರೋಸೆಕೆಂಡಿನ ಲೆಕ್ಕದಲ್ಲೇ ಕ್ಷಯಿಸುತ್ತದೆ. ಋಣ ಮ್ಯೂಯಾನನ್ನು ಕಬ್ಬಿಣದ ಪರಮಾಣು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಅದರ ಆಯುಸ್ಸು 0.2 ಮೈಕ್ರೋಸೆಕೆಂಡ್ ಮಾತ್ರ, ಹತ್ತರಲ್ಲಿ ಒಂಬತ್ತು ಸಲ ಅದು ಎಲೆಕ್ಟ್ರಾನನ್ನು ಹುಟ್ಟಿಸುವುದೇ ಇಲ್ಲ. ನ್ಯೂಕ್ಲಿಯಸ್ಸಿನ ಒಂದು ಪ್ರೋಟಾನು ಅದನ್ನು ನುಂಗಿ ನ್ಯೂಟ್ರಾನಾಗುತ್ತದೆ, ಒಂದು ನ್ಯೂಟ್ರಿನೊ ಹೊರಗೆ ಹಾರಿಹೋಗುತ್ತದೆ.